ಪರಾಧೀನನಾದರೂ ಕರ್ತೃವೇ: ಹರೆಯದ ಮಕ್ಕಳ ಸ್ವಾಸ್ಥ್ಯದ ಕುರಿತು ಒಂದು ವಿಚಾರ

ಶ್ರೀಮದಾಚಾರ್ಯರು ತತ್ತ್ವಸಂಖ್ಯಾನದ ಆರಂಭದಲ್ಲಿಯೇ ಮಾಡಿರುವ ಸ್ವತಂತ್ರ–ಅಸ್ವತಂತ್ರ ಎಂಬ ವಿಭಾಗವು ನಮ್ಮ ಮನೆಗಳ ಮಕ್ಕಳಿಗೆ ಅಪರಿಚಿತವಾದುದಲ್ಲ. ಬೇಸಿಗೆಯ ರಜೆಯ ಪಾಠಗಳಲ್ಲಿ ಎಂಟು-ಹತ್ತು ವರ್ಷದ ಬಾಲಕ ಬಾಲಕಿಯರೂ ಅದನ್ನು ಮುಖಪಾಠವಾಗಿ ಒಪ್ಪಿಸುತ್ತಾರೆ. ಕೇಳಿದ ಹಿರಿಯರು ಸಂತೋಷಪಡುತ್ತಾರೆ. ಅದೇ ಬಾಲಕನು ಹದಿನಾರನೆಯ ವಯಸ್ಸಿಗೆ ಬಂದು, ಬೆಳಗ್ಗೆ ಕಾಲೇಜು, ಸಂಜೆ ಕ್ಲಾಸು, ಭಾನುವಾರ ಪರೀಕ್ಷೆ ಎಂಬ ಚಕ್ರದಲ್ಲಿ ಸಿಲುಕಿ, "ಎಲ್ಲವೂ ದೇವರ ಅಧೀನ, ಮನೆಯಲ್ಲಿ ಎಲ್ಲವೂ ಅಪ್ಪ ಅಮ್ಮನ ಅಧೀನ, ಹಾಗಾದರೆ ನನ್ನ ಕೈಯಲ್ಲಿ ಉಳಿದದ್ದೇನು?" ಎಂದು ಕೇಳಿದರೆ ನಾವು ಕೊಡುವ ಉತ್ತರವೇನು?

ಈ ಪ್ರಶ್ನೆಯನ್ನು ಉದ್ಧಟತನವೆಂದು ಬಗೆದು ಬಾಯಿ ಮುಚ್ಚಿಸುವುದು ಸುಲಭ. ಆದರೆ ಅದು ಅಷ್ಟು ಹಗುರವಾದ ಪ್ರಶ್ನೆಯಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ವರದಿಯಂತೆ ೨೦೨೨ನೆಯ ಒಂದೇ ವರ್ಷದಲ್ಲಿ ನಮ್ಮ ದೇಶದಲ್ಲಿ ೧೩,೦೪೪ ವಿದ್ಯಾರ್ಥಿಗಳು ತಮ್ಮ ಪ್ರಾಣವನ್ನು ತಾವೇ ಕಳೆದುಕೊಂಡರು. ರಾಜ್ಯಗಳಲ್ಲಿ ನಾವು ನೆಲೆಸಿರುವ ಮಹಾರಾಷ್ಟ್ರದ ಸಂಖ್ಯೆಯೇ ಅತ್ಯಧಿಕವಾಗಿತ್ತು. ಕಾರಣಗಳು ಅನೇಕ, ಒಂದೊಂದು ಮನೆಯ ದುಃಖವೂ ಬೇರೆ ಬೇರೆ. ಆದರೂ ಮನೋವೈದ್ಯರು ಇಂಥ ಮಕ್ಕಳ ಮಾತಿನಲ್ಲಿ ಮತ್ತೆ ಮತ್ತೆ ಗುರುತಿಸುವುದು ಹತಾಶೆಯನ್ನು, ಎಂದರೆ 'ನಾನು ಏನು ಮಾಡಿದರೂ ಏನೂ ಬದಲಾಗದು' ಎಂಬ ಭಾವವನ್ನು. ಆದುದರಿಂದ ಕರ್ತೃತ್ವದ ವಿಚಾರವು ಪಂಡಿತರ ವಾಕ್ಯಾರ್ಥಸಭೆಗೆ ಮಾತ್ರ ಸೇರಿದುದೆಂದು ಭಾವಿಸಬಾರದು. ಅದು ಕೋಥರೂಡಿನ, ಹಡಪಸರಿನ, ಚಿಂಚವಡದ ನಮ್ಮ ಮನೆಗಳ ಊಟದ ಕೋಣೆಗೂ ಸೇರಿದ್ದು.

ಮೊದಲು ಆಧುನಿಕರು ಈ ವಿಷಯದಲ್ಲಿ ಏನು ಹೇಳಿದ್ದಾರೆಂಬುದನ್ನು ನೋಡೋಣ. ಅಮೆರಿಕದ ಜೂಲಿಯನ್ ರೋಟರ್ ಎಂಬ ಮನಶ್ಶಾಸ್ತ್ರಜ್ಞರು ೧೯೬೬ರಲ್ಲಿ ಒಂದು ಪ್ರಶ್ನಾವಳಿಯನ್ನು ಪ್ರಕಟಿಸಿದರು. ತನ್ನ ಬದುಕಿನಲ್ಲಿ ಆಗುವುದೆಲ್ಲ ತನ್ನ ಪ್ರಯತ್ನದ ಫಲವೆಂದು ಒಬ್ಬನು ಎಷ್ಟರಮಟ್ಟಿಗೆ ನಂಬುತ್ತಾನೆ, ಅದೃಷ್ಟದ ಅಥವಾ ಬಲಿಷ್ಠರಾದ ಪರರ ಕೈಯಲ್ಲಿದೆಯೆಂದು ಎಷ್ಟರಮಟ್ಟಿಗೆ ನಂಬುತ್ತಾನೆ ಎಂಬುದನ್ನು ಅದು ಅಳೆಯುತ್ತದೆ. ಮೊದಲನೆಯದನ್ನು ಅಂತರ್ನಿಯಂತ್ರಣವೆಂದೂ ಎರಡನೆಯದನ್ನು ಬಹಿರ್ನಿಯಂತ್ರಣವೆಂದೂ ಕರೆಯಬಹುದು. ಅಂತರ್ನಿಯಂತ್ರಣದ ಭಾವವುಳ್ಳ ಮಕ್ಕಳು ಓದಿನಲ್ಲಿ ಮುಂದಿರುತ್ತಾರೆ, ಅವರಲ್ಲಿ ಆತಂಕ, ಖಿನ್ನತೆಗಳು ಕಡಿಮೆ ಎಂಬುದು ಆ ದೇಶದಲ್ಲಿ ಬಹುಕಾಲದಿಂದ ಕಂಡುಬಂದ ಸಂಗತಿ. ಇಲ್ಲೊಂದು ಸ್ವಾರಸ್ಯವೂ ಇದೆ. ಜೀನ್ ಟ್ವೆಂಗೆ ಮತ್ತು ಅವರ ಸಹೋದ್ಯೋಗಿಗಳು ೧೯೬೦ರಿಂದ ೨೦೦೨ರವರೆಗಿನ ಇಂಥ ಅಳತೆಗಳನ್ನೆಲ್ಲ ಒಟ್ಟುಗೂಡಿಸಿ ೨೦೦೪ರಲ್ಲಿ ಪ್ರಕಟಿಸಿದಾಗ, ಅಮೆರಿಕದ ಮಕ್ಕಳಲ್ಲಿಯೂ ಕಾಲೇಜು ವಿದ್ಯಾರ್ಥಿಗಳಲ್ಲಿಯೂ ಬಹಿರ್ನಿಯಂತ್ರಣದ ಭಾವವೇ ಏರುತ್ತಾ ಬಂದುದು ಗೊತ್ತಾಯಿತು. ಉಡುಪು, ಊಟ, ಸಹವಾಸ ಎಲ್ಲದರಲ್ಲಿಯೂ ಮಕ್ಕಳಿಗೆ ಸ್ವೇಚ್ಛೆ ಹೆಚ್ಚಿದ ಕಾಲದಲ್ಲಿಯೇ, ಆ ನಾಡಿನಲ್ಲಿಯೇ, 'ನನ್ನ ಕೈಯಲ್ಲಿ ಏನೂ ಇಲ್ಲ' ಎಂಬ ಭಾವವೂ ಹೆಚ್ಚಿತು! ಆಯ್ಕೆಗಳ ಸಂಖ್ಯೆ ಬೇರೆ, ಕರ್ತೃತ್ವದ ಅನುಭವ ಬೇರೆ ಎಂಬುದಕ್ಕೆ ಇದೊಂದೇ ಸಾಕ್ಷಿಯಾದೀತು.

ಇಲ್ಲಿ ಒಂದು ಆಕ್ಷೇಪ ಬರಬಹುದು. ಅಂತರ್ನಿಯಂತ್ರಣವೇ ಸ್ವಾಸ್ಥ್ಯಕ್ಕೆ ಕಾರಣವಾದರೆ, ಎಲ್ಲವೂ ಭಗವದಧೀನವೆಂದು ಬಾಲ್ಯದಿಂದ ಕೇಳಿ ಬೆಳೆದ ಮಕ್ಕಳು ದುಃಖಿಗಳೇ ಆಗಬೇಕಲ್ಲವೇ? ಲೋಕದಲ್ಲಿ ಹಾಗೆ ಕಾಣುವುದಿಲ್ಲ. ಹಾಂಗ್‌ಕಾಂಗಿನ ಸಿಸಿಲಿಯಾ ಚೆಂಗ್ ಮತ್ತು ಸಂಗಡಿಗರು ಹದಿನೆಂಟು ಸಾಂಸ್ಕೃತಿಕ ಪ್ರದೇಶಗಳ ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿ ೨೦೧೩ರಲ್ಲಿ ಬರೆದಂತೆ, ಬಹಿರ್ನಿಯಂತ್ರಣದ ನಂಬಿಕೆಗೂ ಆತಂಕಕ್ಕೂ ಇರುವ ಸಂಬಂಧವು ವ್ಯಕ್ತಿಯನ್ನೇ ಮುಂದಿಡುವ ಸಮಾಜಗಳಲ್ಲಿ ಬಲವಾಗಿದ್ದು, ಕುಟುಂಬವನ್ನೂ ಸಮುದಾಯವನ್ನೂ ಮುಂದಿಡುವ ಸಮಾಜಗಳಲ್ಲಿ ದುರ್ಬಲವಾಗಿದೆ. ಕಾರಣ ಊಹಿಸುವುದು ಕಷ್ಟವಲ್ಲ. ಪರರ ಅಧೀನವೆಂದರೆ ಯಾರ ಅಧೀನ? ಪರಿಚಯವಿಲ್ಲದ ಬಲಿಷ್ಠನ ಅಧೀನದಲ್ಲಿರುವುದು ಒಂದು; ತನ್ನ ಹಿತವನ್ನೇ ಬಯಸುವ ಆಪ್ತನ ಅಧೀನದಲ್ಲಿರುವುದು ಇನ್ನೊಂದು. ಪ್ರಶ್ನಾವಳಿಯು ಇವೆರಡನ್ನೂ ಒಂದೇ ಖಾನೆಯಲ್ಲಿ ಬರೆದುಕೊಳ್ಳುತ್ತದೆ.

ಜಾನ್ ವೈಸ್, ಫ್ರೆಡ್ ರಾತ್‌ಬಾಮ್ ಮೊದಲಾದವರು ೧೯೮೪ರಲ್ಲಿ ಅಮೆರಿಕ ಮತ್ತು ಜಪಾನುಗಳನ್ನು ಹೋಲಿಸಿ ಬರೆದ ಲೇಖನವು ಈ ದೃಷ್ಟಿಯಿಂದ ಉಪಯುಕ್ತವಾದುದು. ಹಿಡಿತವೆಂಬುದು ಎರಡು ಬಗೆ ಎಂದು ಅವರ ಅಭಿಪ್ರಾಯ. ಸುತ್ತಲಿನ ಪರಿಸ್ಥಿತಿಯನ್ನು ತನಗೆ ಬೇಕಾದಂತೆ ಬದಲಾಯಿಸುವುದು ಒಂದು ಬಗೆ. ಪರಿಸ್ಥಿತಿಗೆ ತನ್ನನ್ನು ಹೊಂದಿಸಿಕೊಂಡು, ಅದರಲ್ಲಿ ಅರ್ಥವನ್ನು ಕಂಡು, ತನ್ನ ಮನಸ್ಸನ್ನು ತಾನು ಆಳುವುದು ಇನ್ನೊಂದು ಬಗೆ. ಅಮೆರಿಕದ ಮನೆ, ಶಾಲೆ, ಕಚೇರಿಗಳು ಮೊದಲನೆಯದನ್ನೂ ಜಪಾನಿನವು ಎರಡನೆಯದನ್ನೂ ಹೆಚ್ಚಾಗಿ ಕಲಿಸುತ್ತವೆಯೆಂದು ಅವರು ತೋರಿಸಿದರು. ಎರಡನೆಯದು ಸೋಲಲ್ಲ ಎಂಬುದನ್ನು ಗಮನಿಸಬೇಕು. ಕೈಚೆಲ್ಲಿ ಕುಳಿತವನೂ ಸುಮ್ಮನಿರುತ್ತಾನೆ, ಮನಸ್ಸನ್ನು ಹದಗೊಳಿಸಿಕೊಂಡವನೂ ಸುಮ್ಮನಿರುತ್ತಾನೆ. ಹೊರಗಿನಿಂದ ನೋಡುವವರಿಗೆ ಇಬ್ಬರೂ ಒಂದೇ ತೆರ. ತಂದೆತಾಯಿಯರು ಮೋಸಹೋಗುವುದು ಇಲ್ಲಿಯೇ. "ನಮ್ಮ ಹುಡುಗ ಬಹಳ ಸಾತ್ತ್ವಿಕ, ಎದುರು ಮಾತಾಡುವುದೇ ಇಲ್ಲ" ಎಂದು ಹೆಮ್ಮೆಪಡುವ ಮೊದಲು ಅದು ಯಾವ ಮೌನವೆಂದು ಒಮ್ಮೆ ವಿಚಾರಿಸುವುದು ಲೇಸು.

ಸ್ಯಾನ್‌ಫ್ರಾನ್ಸಿಸ್ಕೋ ನಗರದಲ್ಲಿ ಶೀನಾ ಅಯ್ಯಂಗಾರ್ ಮತ್ತು ಮಾರ್ಕ್ ಲೆಪ್ಪರ್ ಎಂಬವರು ಮಾಡಿ ೧೯೯೯ರಲ್ಲಿ ಪ್ರಕಟಿಸಿದ ಒಂದು ಪ್ರಯೋಗವಿದೆ. (ಶೀನಾ ಅವರ ಹೆಸರನ್ನು ನೋಡಿ ನಮ್ಮ ಕಡೆಯವರೆಂದು ಭ್ರಮಿಸಬಾರದು, ಅವರು ಕೆನಡಾದಲ್ಲಿ ಜನಿಸಿದ ಸಿಖ್ ವಲಸೆಗಾರರ ಮಗಳು.) ಏಳರಿಂದ ಒಂಬತ್ತು ವರ್ಷದ ಮಕ್ಕಳಿಗೆ ಅಕ್ಷರಗಳನ್ನು ಜೋಡಿಸಿ ಪದ ಕಟ್ಟುವ ಆಟವನ್ನು ಕೊಟ್ಟರು. ಕೆಲವರು ಆಟವನ್ನು ತಾವೇ ಆರಿಸಿದರು; ಕೆಲವರಿಗೆ ಅಪರಿಚಿತಳಾದ ಪ್ರಯೋಗಕರ್ತೆ ಆರಿಸಿದಳು; ಇನ್ನು ಕೆಲವರಿಗೆ 'ಇದನ್ನು ನಿನ್ನ ತಾಯಿ ಆರಿಸಿದ್ದಾರೆ' ಎಂದು ಹೇಳಲಾಯಿತು. ಯುರೋಪು ಮೂಲದ ಮಕ್ಕಳು ತಾವೇ ಆರಿಸಿದಾಗ ಎಲ್ಲರಿಗಿಂತ ಚೆನ್ನಾಗಿ ಆಡಿದರು. ಚೀನಾ, ಜಪಾನು ಮೂಲದ ಕುಟುಂಬಗಳ ಮಕ್ಕಳು ತಾಯಿ ಆರಿಸಿದ್ದಾರೆಂದು ತಿಳಿದಾಗ ಎಲ್ಲಕ್ಕಿಂತ ಚೆನ್ನಾಗಿ ಆಡಿದರು. ಅಪರಿಚಿತಳ ಆಯ್ಕೆಯು ಎರಡು ಗುಂಪಿಗೂ ಹಿಡಿಸಲಿಲ್ಲ.

ಈ ಪ್ರಯೋಗವನ್ನು ಓದಿದ ನಮ್ಮ ತಾಯಂದಿರು "ನೋಡಿದಿರಾ, ನಾವು ಆರಿಸುವುದೇ ಸರಿ" ಎಂದು ತೀರ್ಪು ಕೊಟ್ಟುಬಿಡಬಾರದು. ಅವು ಚಿಕ್ಕ ಮಕ್ಕಳು; ಹರೆಯದವರಲ್ಲ. ಮೇಲಾಗಿ, ಆ ಮಕ್ಕಳ ಉತ್ಸಾಹಕ್ಕೆ ತಾಯಿಯ ಅಧಿಕಾರವು ಕಾರಣವೆನ್ನುವುದಕ್ಕಿಂತ, ತಾಯಿಯ ಇಚ್ಛೆಯನ್ನು ಅವರು ತಮ್ಮದೇ ಇಚ್ಛೆಯೆಂದು ಭಾವಿಸಿದ್ದೇ ಕಾರಣವೆನ್ನುವುದು ಯುಕ್ತ. ಹಾಗೆ ಭಾವಿಸದ ದಿನ ಫಲಿತಾಂಶವೂ ಬೇರೆಯಾದೀತು. ವಲೆರಿ ಚಿರ್ಕೋವ್, ರಿಚರ್ಡ್ ರಯನ್ ಮುಂತಾದವರು ದಕ್ಷಿಣ ಕೊರಿಯಾ, ರಷ್ಯಾ, ತುರ್ಕಿ, ಅಮೆರಿಕ ಈ ನಾಲ್ಕು ದೇಶಗಳ ವಿದ್ಯಾರ್ಥಿಗಳನ್ನು ಕುರಿತು ೨೦೦೩ರಲ್ಲಿ ಪ್ರಕಟಿಸಿದ ಅಧ್ಯಯನವು ಇದನ್ನೇ ಸ್ಪಷ್ಟಪಡಿಸುತ್ತದೆ. ಹಿರಿಯರ ಮಾತಿನಂತೆ ನಡೆಯುತ್ತಾನೆಯೋ ತನ್ನ ಇಷ್ಟದಂತೆ ನಡೆಯುತ್ತಾನೆಯೋ ಎಂಬುದು ಮುಖ್ಯವಾಗಲಿಲ್ಲ. ಹಾಗೆ ನಡೆಯುವುದು ಸರಿಯೆಂದು ಒಳಗಿನಿಂದ ಒಪ್ಪಿ ನಡೆಯುತ್ತಾನೆಯೋ, ಭಯಕ್ಕೋ ನಾಚಿಕೆಗೋ ನಡೆಯುತ್ತಾನೆಯೋ ಎಂಬುದೇ ಮುಖ್ಯವಾಯಿತು. ಒಪ್ಪಿ ನಡೆದವರ ಸ್ವಾಸ್ಥ್ಯವು ನಾಲ್ಕು ದೇಶಗಳಲ್ಲಿಯೂ ಉತ್ತಮವಾಗಿತ್ತು. ಅಂದರೆ, ಒಪ್ಪಿ ಅಧೀನನಾಗಿರುವುದು ಸಾಧ್ಯ; ಒಪ್ಪದೆಯೇ 'ಸ್ವತಂತ್ರ'ನಾಗಿ ಅಲೆಯುವುದೂ ಸಾಧ್ಯ.

ಈಗ ನಮ್ಮ ಸಿದ್ಧಾಂತಕ್ಕೆ ಬರೋಣ. ಬ್ರಹ್ಮಸೂತ್ರಗಳ ಎರಡನೆಯ ಅಧ್ಯಾಯದ ಮೂರನೆಯ ಪಾದದಲ್ಲಿ ಜೀವನ ಕರ್ತೃತ್ವದ ವಿಚಾರ ಬರುತ್ತದೆ. ಜೀವನು ಕರ್ತೃವೇ ಅಲ್ಲವೆಂದಾದರೆ 'ಇದನ್ನು ಮಾಡು, ಇದನ್ನು ಮಾಡಬೇಡ' ಎಂಬ ಶಾಸ್ತ್ರದ ವಿಧಿನಿಷೇಧಗಳಿಗೆ ಅರ್ಥವೇ ಉಳಿಯದು. ಕಲ್ಲಿಗೆ ಯಾರೂ ಅಪ್ಪಣೆ ಕೊಡುವುದಿಲ್ಲವಷ್ಟೆ. ಆದುದರಿಂದ ಜೀವನು ಕರ್ತೃವೇ. ಆದರೆ ಆ ಕರ್ತೃತ್ವವು ಭಗವಂತನ ಅಧೀನವಾದುದು. ಒಬ್ಬನೇ ಅಧೀನನೂ ಕರ್ತೃವೂ ಆಗುವುದು ಹೇಗೆ? ಅಲ್ಲಿ ಬಡಗಿಯ ದೃಷ್ಟಾಂತವಿದೆ. ಶ್ರೀಮದಾಚಾರ್ಯರು ಅದನ್ನು ವಿವರಿಸುವ ಕ್ರಮ ಬಹಳ ಮನೋಹರವಾದುದು. ಮನೆ ಕಟ್ಟಿಸುವ ಒಡೆಯನ ನಿಯಮನಕ್ಕೆ ಬಡಗಿಯು ಒಳಪಟ್ಟಿರುತ್ತಾನೆ. ಹಾಗಿದ್ದರೂ ಕೆಲಸದ ಕರ್ತೃತ್ವವು ಬಡಗಿಯಲ್ಲಿಯೂ ಇದ್ದೇ ಇದೆ. ಮಾಡಿಸುವವನು ಇದ್ದಾನೆಂಬ ಮಾತ್ರಕ್ಕೆ ಮಾಡುವವನು ಇಲ್ಲವಾಗುವುದಿಲ್ಲ. ಮುಂದುವರಿದು, ಭಗವಂತನು ಜೀವನ ಪ್ರಯತ್ನವನ್ನು ಅಪೇಕ್ಷಿಸಿಯೇ ಪ್ರೇರಿಸುತ್ತಾನೆಂದೂ ಅಲ್ಲಿ ನಿರ್ಣಯವಿದೆ.

ಹದಿನಾರರ ಹುಡುಗನ ಪ್ರಶ್ನೆಗೆ ಇದಕ್ಕಿಂತ ನೇರವಾದ ಉತ್ತರ ಬೇಕೇ? ಆದರೆ ಈ ಉತ್ತರವನ್ನು ಹುಡುಗನಿಗೆ ಹೇಳುವ ತಂದೆಯು ತಾನೂ ಅದಕ್ಕೆ ಬದ್ಧನಾಗಬೇಕಾಗುತ್ತದೆ. ಒಡೆಯನು ಬಡಗಿಗೆ ಅಳತೆಯನ್ನು ಹೇಳಿ, ಮರವನ್ನು ಒದಗಿಸಿ, ಉಳಿಯನ್ನು ಅವನ ಕೈಗೆ ಬಿಡುತ್ತಾನೆ. ನಾವಾದರೋ ಉಳಿಯನ್ನೂ ನಾವೇ ಹಿಡಿಯುತ್ತೇವೆ. ಹನ್ನೊಂದನೆಯ ತರಗತಿಯ ಪ್ರವೇಶದ ಅರ್ಜಿಯನ್ನು ತಂದೆ ತುಂಬುತ್ತಾನೆ. ವಿಜ್ಞಾನವೋ ವಾಣಿಜ್ಯವೋ ಎಂಬುದನ್ನು ಸೋದರಮಾವನು ದೂರವಾಣಿಯಲ್ಲಿ ತೀರ್ಮಾನಿಸುತ್ತಾನೆ. ಶಾಲೆಯ ಪ್ರಾಜೆಕ್ಟನ್ನು ತಾಯಿ ಅಂಟಿಸುತ್ತಾಳೆ. ಕೊನೆಗೆ ಅಂಕಗಳು ಕಡಿಮೆಯಾದಾಗ ಮಾತ್ರ "ಇದು ನೀನು ಮಾಡಿದ ಕೆಲಸ" ಎಂದು ಕರ್ತೃತ್ವವನ್ನು ಪೂರ್ತಿಯಾಗಿ ಹುಡುಗನಿಗೆ ಒಪ್ಪಿಸುತ್ತೇವೆ. ಇದು ಯಾವ ಸಿದ್ಧಾಂತಕ್ಕೂ ಸಮ್ಮತವಾದ ವಿಭಾಗವಲ್ಲ. ಗೀತೆಯ ಹದಿನೆಂಟನೆಯ ಅಧ್ಯಾಯದಲ್ಲಿ ಉಪದೇಶವನ್ನೆಲ್ಲ ಮುಗಿಸಿದ ಸರ್ವಸ್ವತಂತ್ರನಾದ ಶ್ರೀಕೃಷ್ಣನೇ ವಿಮರ್ಶೆಯ ಭಾರವನ್ನೂ ನಿರ್ಧಾರವನ್ನೂ ಅರ್ಜುನನಿಗೆ ಬಿಡುತ್ತಾನೆಂಬುದನ್ನು ನಾವು ಪಾರಾಯಣದ ಭರದಲ್ಲಿ ಗಮನಿಸದೆ ದಾಟಿಬಿಡುತ್ತೇವೆ.

ಪುಣೆಯ ನಮಗೆ ಅತ್ಯಂತ ಸಮೀಪದ ಉದಾಹರಣೆಯೊಂದು ಪಂಡಿತ ಭೀಮಸೇನ ಜೋಶಿಯವರ ಬಾಲ್ಯದಲ್ಲಿದೆ. ೧೯೨೨ರಲ್ಲಿ ಗದಗ ಸೀಮೆಯ ಮಾಧ್ವ ಮನೆತನದಲ್ಲಿ ಜನಿಸಿದ ಅವರು ಉಪಾಧ್ಯಾಯರಾಗಿದ್ದ ಗುರುರಾಜಾಚಾರ್ಯರ ಮಗ. ಹುಡುಗನಿಗೆ ಹಾಡಿನ ಹುಚ್ಚು. ಬೀದಿಯಲ್ಲಿ ವಾದ್ಯದವರು ಹೋದರೆ ಅವರ ಹಿಂದೆಯೇ ಹೋಗಿ ಎಲ್ಲಿಯೋ ನಿದ್ದೆಹೋಗುತ್ತಿದ್ದ. ಹುಡುಕಿ ಹುಡುಕಿ ದಣಿದ ತಂದೆ, ಸಿಕ್ಕವರು ಮನೆಗೆ ತಲುಪಿಸಲೆಂದು ಅಂಗಿಯ ಮೇಲೆ ಜೋಶಿ ಮಾಸ್ತರರ ಮಗನೆಂದು ಬರೆಸಿದ್ದರೆಂಬ ಕಥೆ ಪ್ರಸಿದ್ಧವಾಗಿದೆ. ಅಬ್ದುಲ್ ಕರೀಂ ಖಾನರ ಧ್ವನಿಮುದ್ರಿಕೆಯನ್ನು ಕೇಳಿ, ಹೀಗೆಯೇ ಹಾಡಬೇಕೆಂದು ನಿಶ್ಚಯಿಸಿ, ಗುರುವನ್ನು ಅರಸುತ್ತಾ ೧೯೩೩ರಲ್ಲಿ, ಹನ್ನೊಂದನೆಯ ವಯಸ್ಸಿನಲ್ಲಿ, ಮನೆ ಬಿಟ್ಟು ಹೊರಟರು. ಟಿಕೆಟಿಲ್ಲದ ರೈಲುಪ್ರಯಾಣ, ಹಾಡಿ ಗಳಿಸಿದ ಅನ್ನ, ಗ್ವಾಲಿಯರ್ ಮೊದಲಾದ ಊರುಗಳು, ಕೊನೆಗೆ ಪಂಜಾಬಿನ ಜಲಂಧರ. ಅಲ್ಲಿ ಪುಣೆಯ ವಿನಾಯಕಬುವಾ ಪಟವರ್ಧನರು ಈ ಕನ್ನಡದ ಹುಡುಗನನ್ನು ಕಂಡು, ನಿನ್ನ ಊರಿನ ಬಳಿಯಲ್ಲಿಯೇ ಕುಂದಗೋಳದಲ್ಲಿ ಸವಾಯಿ ಗಂಧರ್ವರಿರುವಾಗ ಇಷ್ಟು ದೂರ ಅಲೆಯುವುದೇಕೆ ಎಂದು ತಿಳಿಹೇಳಿದರೆಂದು ಪ್ರತೀತಿ. ತಂದೆಯೂ ಮಗನ ಸುಳಿವನ್ನು ಹಿಡಿದು ಮನೆಗೆ ಕರೆತಂದರು.

ಮುಂದೆ ತಂದೆ ಮಾಡಿದ್ದೇನೆಂಬುದೇ ವಿಚಾರಣೀಯವಾದ ಅಂಶ. ಹುಡುಗನನ್ನು ಕೋಣೆಯಲ್ಲಿ ಕೂಡಿಹಾಕಿ ಶಾಲೆಯ ಪುಸ್ತಕ ಕೊಡಲಿಲ್ಲ. ಹೋಗಲಿ, ಏನಾದರೂ ಮಾಡಿಕೊಳ್ಳಲಿ ಎಂದು ಕೈಬಿಡಲೂ ಇಲ್ಲ. ೧೯೩೬ರಲ್ಲಿ ಮಗನು ಸವಾಯಿ ಗಂಧರ್ವರ ಶಿಷ್ಯನಾದನು. ಅಲ್ಲಿಗೆ ಹೋದ ಮೇಲೆ ಹುಡುಗನಿಗೆ ಸ್ವೇಚ್ಛೆ ದೊರೆಯಿತೇ? ಇಲ್ಲ. ಗುರುಗೃಹದಲ್ಲಿ ನೀರು ಹೊರುವುದೇ ಮೊದಲಾದ ಸೇವೆ. ವರ್ಷಗಟ್ಟಲೆ ತೋಡಿ, ಮುಲ್ತಾನಿ, ಪೂರಿಯಾ ರಾಗಗಳದೇ ಅಭ್ಯಾಸ. ಇಂದಿನ ಯಾವ ಕೋಚಿಂಗ್ ಕ್ಲಾಸಿನ ಕಟ್ಟುಪಾಡೂ ಅದಕ್ಕಿಂತ ಕಠಿಣವಲ್ಲ. ಆದರೆ ಮೂರು ವರ್ಷ ದೇಶವನ್ನು ಸುತ್ತಿದ ಆ ಹುಡುಗನು ಇಲ್ಲಿ ಓಡಿಹೋಗಲಿಲ್ಲ. ಮನೆಯ ಸುಖದಲ್ಲಿ ನಿಲ್ಲದವನು ಗುರುಗೃಹದ ಕಷ್ಟದಲ್ಲಿ ನಿಂತನು; ಏಕೆಂದರೆ ಆ ಅಧೀನತೆಯನ್ನು ಅವನೇ ಬಯಸಿ ಬಂದಿದ್ದನು. ಗುರುವಿನ ಸ್ಮರಣಾರ್ಥವಾಗಿ ಅವರು ೧೯೫೩ರಲ್ಲಿ ಪುಣೆಯಲ್ಲಿ ಆರಂಭಿಸಿದ ಸಂಗೀತೋತ್ಸವಕ್ಕೆ ನಮ್ಮಲ್ಲಿ ಎಷ್ಟೋ ಮಂದಿ ಮಕ್ಕಳನ್ನು ಕರೆದುಕೊಂಡು ಹೋಗುವುದುಂಟು. ದಾಸರ ಪದಗಳನ್ನು ಮರಾಠಿ ಮನೆಗಳಿಗೂ ಮುಟ್ಟಿಸಿದ ಆ ಕಂಠಕ್ಕೆ ೨೦೦೮ರಲ್ಲಿ ಭಾರತರತ್ನ ಘೋಷಣೆಯಾದುದನ್ನು ಹೆಮ್ಮೆಯಿಂದ ಹೇಳುವುದೂ ಉಂಟು. ಅದರೊಡನೆ ಗದಗಿನ ಆ ಮಾಸ್ತರರ ಮನಸ್ಸಿನ ಹದವನ್ನೂ ಹೇಳಬೇಕು. ಮನೆ ಬಿಟ್ಟು ಓಡುವುದು ಶ್ಲಾಘ್ಯವೆಂದು ಇದರ ತಾತ್ಪರ್ಯವಲ್ಲ. ಹಾಗೆ ಓಡಿದವರಲ್ಲಿ ಹಾಡುತ್ತಾ ಮರಳಿದವನು ಲಕ್ಷಕ್ಕೊಬ್ಬ. ಓಡಬೇಕಾಗದಂತೆ ಬಾಗಿಲನ್ನು ತೆರೆದಿಡುವುದು ಹಿರಿಯರ ಕೆಲಸವೆಂದಷ್ಟೇ ಹೇಳಬೇಕಾದುದು.

ಉದ್ಯೋಗಕ್ಕಾಗಿ ಊರು ಬಿಟ್ಟು ಬಂದ ನಮ್ಮ ಮಕ್ಕಳಿಗೆ ಇನ್ನೊಂದು ವಿಶೇಷ ತೊಡಕಿದೆ. ಮನೆಯಲ್ಲಿ ಕನ್ನಡವೋ ತುಳುವೋ, ಬೀದಿಯಲ್ಲಿ ಮರಾಠಿ, ಪುಸ್ತಕದಲ್ಲಿ ಇಂಗ್ಲಿಷು. ಉಡುಪಿಗೋ ವಿಜಯಪುರಕ್ಕೋ ಹೋದರೆ 'ಪುಣೆಯವನು', ಪುಣೆಯಲ್ಲಿ 'ಕಾನಡಿ'. ದೇಶ ಬಿಟ್ಟು ದೇಶಕ್ಕೆ ಹೋದ ಕುಟುಂಬಗಳ ಹರೆಯದ ಮಕ್ಕಳನ್ನು ಜಾನ್ ಬೆರಿ ಮೊದಲಾದ ವಿದ್ವಾಂಸರು ಹದಿಮೂರು ದೇಶಗಳಲ್ಲಿ ಅಧ್ಯಯನ ಮಾಡಿ ೨೦೦೬ರಲ್ಲಿ ಗ್ರಂಥವನ್ನು ಪ್ರಕಟಿಸಿದರು. ನಾವು ದಾಟಿದ್ದು ರಾಜ್ಯದ ಗಡಿಯನ್ನು ಮಾತ್ರ. ಆದರೂ ಅವರ ನಿರ್ಣಯವು ನಮಗೂ ಅನ್ವಯಿಸುವಂತಿದೆ. ತನ್ನ ಮನೆಯ ಸಂಸ್ಕೃತಿಯನ್ನೂ ನೆಲೆಸಿದ ನಾಡಿನ ಸಂಸ್ಕೃತಿಯನ್ನೂ ಒಟ್ಟಿಗೆ ಹಿಡಿದವರು ಮನಸ್ಸಿನಿಂದಲೂ ನಡವಳಿಕೆಯಿಂದಲೂ ಎಲ್ಲರಿಗಿಂತ ಚೆನ್ನಾಗಿದ್ದರು; ಯಾವುದರಲ್ಲಿಯೂ ನೆಲೆ ಕಾಣದೆ ಅತ್ತಿತ್ತ ತೂಗಾಡುವವರ ಸ್ಥಿತಿಯೇ ಎಲ್ಲಕ್ಕಿಂತ ಕಷ್ಟದ್ದಾಗಿತ್ತು. ಗಣೇಶೋತ್ಸವದ ಢೋಲ್-ತಾಶಾ ತಂಡಕ್ಕೆ ಸೇರಿದ ಮಗಳು ಆಚಾರ ಬಿಟ್ಟಳೆಂದು ಕೊರಗುವ ತಾಯಂದಿರು ಇದನ್ನು ಮನಸ್ಸಿಗೆ ತಂದುಕೊಳ್ಳಬೇಕು.

ಎರಡು ಭಾಷೆ ಬಲ್ಲ ಮಕ್ಕಳಿಗೆ ಮನೆಯಲ್ಲಿ ನಿಜವಾದ ಅಧಿಕಾರದ ಸ್ಥಾನವೂ ಉಂಟು. ಊರಿನಿಂದ ಬಂದ ಅಜ್ಜಿಯನ್ನು ಬ್ಯಾಂಕಿಗೆ, ವೈದ್ಯರಲ್ಲಿಗೆ ಕರೆದೊಯ್ದು ಮರಾಠಿಯಲ್ಲಿ ಮಾತನಾಡಿ ಬರುವುದು ಮೊಮ್ಮಗಳೇ. ಅಮೆರಿಕದ ಇವಾ ಟೆಲ್ಜರ್ ಮತ್ತು ಆಂಡ್ರ್ಯೂ ಫುಲಿಗ್ನಿ ೨೦೦೯ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮನೆಗೆ ನೆರವಾಗುವ ಹರೆಯದ ಮಕ್ಕಳು ತಾವು ಒಳ್ಳೆಯ ಮಗ, ಒಳ್ಳೆಯ ಮಗಳು ಎಂಬ ಭಾವವನ್ನು ಪಡೆದಾಗ ಆ ಕೆಲಸದಿಂದ ಸಂತೋಷವನ್ನೇ ಹೊಂದುತ್ತಾರೆಂದು ಕಂಡುಬಂತು. ಓದಿನ ನೆಪದಿಂದ ಮನೆಯ ಕೆಲಸಗಳನ್ನೆಲ್ಲ ಮಕ್ಕಳಿಂದ ಕಿತ್ತುಕೊಳ್ಳುವುದು ಅವರಿಗೆ ಉಪಕಾರವೆಂದು ನನಗೆ ತೋರುವುದಿಲ್ಲ.

ಇನ್ನು ಆಳ್ವಿಕೆಯ ಬಗೆ. ಬ್ರಯನ್ ಬಾರ್ಬರ್ ಎಂಬವರು ೧೯೯೬ರಲ್ಲಿ ಒಂದು ಭೇದವನ್ನು ವಿವರಿಸಿದರು. ರಾತ್ರಿ ಎಷ್ಟು ಗಂಟೆಗೆ ಮನೆಗೆ ಬರಬೇಕು, ಮೊಬೈಲನ್ನು ಎಲ್ಲಿಡಬೇಕು ಎಂಬಂಥ ನಡವಳಿಕೆಯ ನಿಯಮಗಳು ಒಂದು ಬಗೆ. ಮುನಿಸು, ಮೌನ, ಕಣ್ಣೀರು, "ನಿನಗಾಗಿ ನಾವು ಊರು ಬಿಟ್ಟು ಬಂದೆವು, ನೀನು ಹೀಗೆ ಮಾಡಿದೆ" ಎಂಬ ಮಾತು – ಇವುಗಳಿಂದ ಮನಸ್ಸನ್ನೇ ಹಿಡಿಯುವುದು ಇನ್ನೊಂದು. ಮೊದಲನೆಯದು ಸ್ಪಷ್ಟವಾಗಿದ್ದರೆ ಮಕ್ಕಳಿಗೆ ಹಿತ. ಎರಡನೆಯದು ಖಿನ್ನತೆಯನ್ನು ಬೆಳೆಸುತ್ತದೆಂದು ಅನೇಕ ದೇಶಗಳಲ್ಲಿ ಕಂಡುಬಂದಿದೆ. ನಮ್ಮ ಮನೆಗಳಲ್ಲಿ ಬೆತ್ತ ಹೋಗಿ ಬಹುಕಾಲವಾಯಿತು. ಕಣ್ಣೀರಿನ ಆಳ್ವಿಕೆ ಇನ್ನೂ ಹೋಗಿಲ್ಲ.

ಉಪನಯನವಾದ ಹುಡುಗನ ಸಂಧ್ಯಾವಂದನೆಯ ಮಾತನ್ನೂ ಇಲ್ಲಿಯೇ ಹೇಳಬೇಕು. ಎಂಟಕ್ಕೆ ಆರಂಭಿಸಿ ಹದಿನಾಲ್ಕಕ್ಕೆ ಬಿಟ್ಟವರು ನಮ್ಮಲ್ಲಿ ಎಷ್ಟಿಲ್ಲ? "ಅಜ್ಜ ನೊಂದುಕೊಳ್ಳುತ್ತಾರೆ, ಮಾಡು" ಎಂದು ಮಾಡಿಸಿದ್ದು ಅಜ್ಜ ಇರುವವರೆಗೆ ನಡೆಯುತ್ತದೆ. ಅರ್ಘ್ಯ ಯಾವುದಕ್ಕೆ, ಪ್ರಾಣಾಯಾಮ ಯಾವುದಕ್ಕೆ ಎಂದು ಹುಡುಗನು ಕೇಳಿದಾಗ ಕುಳಿತು ಉತ್ತರಿಸುವ ತಂದೆಯಿದ್ದರೆ, ಆರಕ್ಕೋ ಆರೂವರೆಗೋ ಎಂಬ ಹೊತ್ತನ್ನು ಹುಡುಗನೇ ಗೊತ್ತುಮಾಡಿಕೊಂಡರೆ, ಅದು ಅವನ ಕರ್ಮವಾಗುತ್ತದೆ. ತಂದೆಗೆ ಉತ್ತರ ತಿಳಿಯದಿದ್ದರೆ ಮಠಕ್ಕೆ ಇಬ್ಬರೂ ಕೂಡಿ ಬಂದು ಕೇಳಬಹುದು. ತಂದೆಯೂ ಕಲಿಯುವವನೇ ಎಂದು ಮಗನು ಕಾಣುವುದರಲ್ಲಿ ನಷ್ಟವೇನೂ ಇಲ್ಲ.

ಕೊನೆಯದಾಗಿ ಒಂದು ಎಚ್ಚರಿಕೆ. ಮೇಲೆ ಹೇಳಿದುದೆಲ್ಲ ಸಾಮಾನ್ಯವಾಗಿ ಆರೋಗ್ಯದಿಂದಿರುವ ಮಕ್ಕಳ ವಿಷಯ. ನಿದ್ದೆ, ಊಟಗಳು ಕೆಟ್ಟು, ಗೆಳೆಯರನ್ನು ದೂರಮಾಡಿ, ಪ್ರಿಯವಾದ ವಸ್ತುಗಳನ್ನು ಇತರರಿಗೆ ಕೊಟ್ಟುಬಿಡುತ್ತಾ, ತಾನು ಮನೆಗೆ ಭಾರವೆಂದೋ ಇನ್ನು ಏನೂ ಬೇಡವೆಂದೋ ಮಾತನಾಡುವ ಮಗುವಿಗೆ ವೇದಾಂತವನ್ನು ಬೋಧಿಸಬಾರದು. ಭಕ್ತಿ ಸಾಲದೆಂದು ಗದರಿಸಲೂಬಾರದು. ಹರಕೆ ಹೊತ್ತು ಪರೀಕ್ಷೆ ಮುಗಿಯಲೆಂದು ಕಾಯಲೂಬಾರದು. ಸಾಯುವ ಯೋಚನೆ ಬರುತ್ತದೆಯೇ ಎಂದು ನೇರವಾಗಿ, ಶಾಂತವಾಗಿ ಕೇಳಬಹುದು. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲವೆಂದು ವೈದ್ಯರು ಹೇಳುತ್ತಾರೆ. ಹೌದೆಂದರೆ ಮಗುವನ್ನು ಒಂಟಿಯಾಗಿ ಬಿಡದೆ ಅಂದೇ ಮನೋವೈದ್ಯರಲ್ಲಿಗೆ ಕರೆದೊಯ್ಯಬೇಕು. ೨೦೨೨ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರವು ಆರಂಭಿಸಿದ ಟೆಲಿ-ಮಾನಸ್ ಸೇವೆಯ ಸಂಖ್ಯೆ ೧೪೪೧೬. ಹಗಲಿರುಳೂ ದೊರೆಯುವ ಈ ಸೇವೆಗೆ ಶುಲ್ಕವಿಲ್ಲ. ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ಮಾತನಾಡಬಹುದು. ಮಕ್ಕಳೂ ಕರೆ ಮಾಡಬಹುದು, ತಂದೆತಾಯಿಯರೂ ಕರೆ ಮಾಡಬಹುದು.